ಇನ್ಮೇಲೆ ಬಾಳೆಹಣ್ಣು ತರಬೇಡಿ

ಯಾರದ್ದೋ ಹುಟ್ಟುಹಬ್ಬಕ್ಕೆ ಮಾನಸಿಕ ವಾರ್ಡಿನ ರೋಗಿಗಳು ಯಾಕೆ ಸಾಲಾಗಿ ಫೋಟೊಕ್ಕೆ ನಿಲ್ಲಬೇಕು? ಇದೊಂದಕ್ಕೆ ಯಾರಾದರೂ ಉತ್ತರ ಹೇಳಿ. ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಉದ್ದ ಬರೆಯುತ್ತೇನೆ. ಪುರುಸೊತ್ತಿದ್ದವರು ಓದಿ, ಇಲ್ಲದವರು ಎಂದಿನಂತೆ ಲೈಕ್ ಒತ್ತಿ ಮುಂದೆ ಹೋಗಿ.

ನಾನು ಮಾನಸಿಕ ವಾರ್ಡಿನಲ್ಲಿ ನರ್ಸ್ ನೌಕರಿ ಮಾಡಿ ರಿಟೈರ್ ಆದೆ ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ನಿನ್ನೆ ನಮ್ಮ ಓಣಿಯ ಹುಡುಗನೊಬ್ಬನ ಇಂಜೆಕ್ಷನ್ ಇತ್ತು. ಸ್ಕಿಜೋಫ್ರೇನಿಯಾ ಇದೆ ಅವನಿಗೆ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಮಾನಸಿಕ ಕಾಯಿಲೆ. ದಿನಾ ಮಾತ್ರೆ ನುಂಗಿಸೋದು ಕಷ್ಟ ಆದವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುತ್ತಾರಲ್ಲ, ಆ ಇಂಜೆಕ್ಷನ್. ಅವನ ಅವ್ವನ ಜೊತೆಗೆ ನಾನೂ ಹೋಗಿದ್ದೆ. ಯಾವ ಊರು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ಹೇಳಲ್ಲ.

ಅಲ್ಲಿ ಬಿಳಿ ಶರ್ಟಿನ ಏಳೆಂಟು ಜನ. ಎರಡು ಬುಟ್ಟಿ ಬಾಳೆಹಣ್ಣು, ಒಂದು ರಟ್ಟಿನ ಡಬ್ಬಿ ತುಂಬ ಬ್ರೆಡ್ಡು, ಒಂದು ಫ್ಲೆಕ್ಸು. ಫ್ಲೆಕ್ಸಿನ ಮೇಲೆ ನಾಯಕರ ಮುಖ ಆಳೆತ್ತರ. ವಾರ್ಡಿನವರನ್ನು ಅದರ ಮುಂದೆ ನಿಲ್ಲಿಸಿ ಕೈಗೊಂದು ಹಣ್ಣು ಕೊಟ್ಟರು. ಒಬ್ಬ ಕಾಕಾ ಕೊಟ್ಟ ಕೂಡಲೇ ಸುಲಿದು ತಿಂದುಬಿಟ್ಟ. ಹಣ್ಣು ಕೊಡೋದು ತಿನ್ನಲಿಕ್ಕೇ ಅಂತ ತಿಳಿದಿದ್ದ ಪಾಪ. "ಏ ಕಾಕಾ, ತಡಿಯೋ, ಫೋಟೊ ಆಗಲಿ" ಅಂತ ಒಬ್ಬ ಹುಡುಗ ಗದರಿಸಿ ಇನ್ನೊಂದು ಹಣ್ಣು ಹಿಡಿಸಿದ. "ಇದನ್ನ ತಿನಬ್ಯಾಡ, ಬರೇ ಹಿಡ್ಕೊ." ಅಪ್ಪನ ವಯಸ್ಸಿನವನಿಗೆ ಏಕವಚನ. ಅಷ್ಟರಲ್ಲಿ ಫ್ಲೆಕ್ಸಿನ ಒಂದು ಮೂಲೆ ಮಡಚಿಕೊಂಡಿತು, ನಾಯಕರ ಕಿವಿ ಮುಚ್ಚಿತು. ಮತ್ತೆ ಮೊದಲಿಂದ ನಿಲ್ಲಿಸಿದರು. ಫೋಟೊದವನು "ಸ್ವಲ್ಪ ನಗ್ರೀ" ಅಂದ. ಕಾಕಾ ಕೇಳಿದ: "ನಗೂವಂಥಾದ್ದು ಏನಾಗೇತ್ರಿ?"

ಆ ಗುಂಪಿನಲ್ಲಿ ಆ ಹೊತ್ತಿಗೆ ತಲೆ ನೆಟ್ಟಗಿದ್ದವನು ಅವನೊಬ್ಬನೇ.

ನಾನು ಸುಮ್ನೆ ಇರೋಳಲ್ಲ, ಗೊತ್ತಲ್ಲ ನಿಮಗೆ. ಮುಂದಾಳತ್ವದವನ ಹತ್ತಿರ ಹೋಗಿ "ತಮ್ಮಾ, ಇವರ ಫೋಟೊ ತಗೋತೀಯಲ್ಲ, ಇವರನ್ನ ಕೇಳಿದಿಯೇನಪಾ?" ಅಂದೆ. "ಹುಚ್ಚರನ್ನ ಏನ್ ಕೇಳೂದ್ರೀ ಅಕ್ಕಾರ? ನಾವು ಪುಣ್ಯೇದ ಕೆಲಸ ಮಾಡಾಕತ್ತೇವಿ" ಅಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದ. ಅದೇ ನನಗೆ ಜಾಸ್ತಿ ಉರಿಸಿದ್ದು.

ಕೇಳಬೇಕು ತಮ್ಮಾ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ, 2018ರಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಅಂತ ಅದರ 24ನೇ ಸೆಕ್ಷನ್ ಹೇಳುತ್ತದೆ. ಸರಪಳಿಯಲ್ಲಿ ಕಟ್ಟಿಹಾಕುವಂತಿಲ್ಲ ಅಂತ ಹೇಳುವುದೂ ಇದೇ ಕಾಯ್ದೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿಟ್ಟಿದ್ದ 28 ಜನ ಬೆಂಕಿಯಲ್ಲಿ ಸುಟ್ಟುಹೋದರಲ್ಲ, ಅಂಥದ್ದೆಲ್ಲ ಆದ ಮೇಲೆ ಬಂದ ಕಾನೂನು. "ಒಂದು ಫೋಟೊಕ್ಕೆ ಏರ್ವಾಡಿ ತನಕ ಹೋಗಬೇಕಾ ಅಕ್ಕಾ?" ಅಂತ ಕೇಳುತ್ತೀರಿ. ಹೋಗಬೇಕು. ಇವರನ್ನ ಕೇಳೋದೇನು ಅನ್ನುವ ಮಾತಿನಿಂದಲೇ ಅದೂ ಶುರುವಾಗೋದು.

ಫೋಟೊದಿಂದ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೊಮ್ಮೆ ಹೀಗೇ ಯಾರೋ ಹಾಲು ಹಂಚಿದರು, ಪೇಪರಿನಲ್ಲಿ ಫೋಟೊ ಬಂತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹೆಣ್ಣುಮಗಳ ಮುಖ ಸ್ಪಷ್ಟವಾಗಿತ್ತು. ಅವಳ ತಂಗಿಗೆ ಗಂಡು ನಿಶ್ಚಯ ಆಗಿತ್ತು. ಬೀಗರಾಗಬೇಕಾದವರು ಪೇಪರ್ ಮಡಚಿ ಕೈಯಲ್ಲಿ ಹಿಡಿದುಕೊಂಡೇ ಬಂದರಂತೆ. ಲಗ್ನ ಮುರಿಯಿತು. ಅಲ್ಲಿಂದ ಮುಂದೆ ಆ ಮನೆಯವರು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ನಾಲ್ಕು ಲೋಟ ಹಾಲಿಗೆ ಒಬ್ಬಳ ತವರುಮನೆ ಹೋಯಿತು.

ಬೀಗರದ್ದೂ ತಪ್ಪು ಅಂತೀರಾ? ಹೌದು. ಆದರೆ ನಮ್ಮ ಕಡೆ ಜನ ಹೇಗೆ ಅಂತ ಗೊತ್ತಿದ್ದೂ ಗೊತ್ತಿಲ್ಲದವರಂತೆ ಆಡಬೇಡಿ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಶುರುವಾಗಿದ್ದು 1845ರಲ್ಲಿ. ಇವತ್ತಿನ ಡಿಮ್ಹಾನ್ಸ್ ಆಸ್ಪತ್ರೆಯ ಮೂಲ ಅದೇ. ಅಷ್ಟು ವರ್ಷದಿಂದ ಪಕ್ಕದಲ್ಲೇ ಆಸ್ಪತ್ರೆ ಇಟ್ಟುಕೊಂಡವರು ನಾವು. ಆದರೂ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತ ನಗುತ್ತೇವೆ. ಧಾರವಾಡದವರೂ ನಗುತ್ತಾರೆ! ನನ್ನದೇ ಹೇಳುತ್ತೇನೆ ಕೇಳಿ. ನನ್ನ ಲಗ್ನದ ಮಾತುಕತೆ ಹೊತ್ತಿಗೆ ನಮ್ಮಪ್ಪ "ದೊಡ್ಡ ದವಾಖಾನ್ಯಾಗ ನರ್ಸ್ ಅದಾಳ್ರಿ" ಅಂತ ಹೇಳಿ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದ. ಯಾವ ವಾರ್ಡು ಅಂತ ಬಾಯಿ ಬಿಡುತ್ತಿರಲಿಲ್ಲ. ನಮ್ಮವರಿಗೆ ಗೊತ್ತಾಗಿದ್ದು ಅಕ್ಷತೆ ಬಿದ್ದ ಮೇಲೆ. ಮಾತ್ರೆ ಕೊಡುವ ನರ್ಸಿನ ಪಾಡೇ ಇದಾದರೆ ಮಾತ್ರೆ ನುಂಗುವವರದ್ದು ಕೇಳಬೇಕಾ?

ಇನ್ನು ಆ ಬ್ರೆಡ್ಡಿನ ವಿಷಯ. ಹಂಚೋರಿಗೆ ಇದು ಗೊತ್ತಿರಲ್ಲ, ಕೇಳೋದೂ ಇಲ್ಲ. ಔಷಧಿಯಿಂದ ಕೈ ನಡುಗಿದರೆ, ಮೈ ಬಿಗಿದರೆ ಟ್ರೈಹೆಕ್ಸಿಫೆನಿಡಿಲ್ ಅಂತ ಮಾತ್ರೆ ಕೊಡುತ್ತಾರೆ. ಅದು ಬಾಯಿ ಒಣಗಿಸುತ್ತದೆ. ಕೆಲವರಿಗೆ ನುಂಗುವುದೇ ನಿಧಾನ ಆಗಿರುತ್ತದೆ. ಅದರ ಮೇಲೆ ಗಬಗಬ ತಿನ್ನುವ ಅಭ್ಯಾಸ. ಒಣ ಬ್ರೆಡ್ಡು ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತೆ. ನಮ್ಮ ವಾರ್ಡಿನಲ್ಲಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿಯೇ ಕೊಡುತ್ತಿದ್ದೆವು, ಪಕ್ಕದಲ್ಲಿ ಒಬ್ಬರು ನಿಂತು. ಹುಟ್ಟುಹಬ್ಬದ ಪೇಡಾ, ಜಿಲೇಬಿ ಬಂದರೆ ಅದು ಇನ್ನೊಂದು ತಲೆನೋವು. ಈ ಕಾಯಿಲೆಗೆ ಕೊಡುವ ಓಲಾಂಜಪಿನ್, ಕ್ಲೋಜಪಿನ್ ಮಾತ್ರೆ ತಗೊಳ್ಳುವವರಿಗೆ ಹಸಿವು ವಿಪರೀತ. ತೂಕ ಏರುತ್ತದೆ, ಶುಗರ್ ಬರುತ್ತದೆ. ತಿಂಗಳಿಡೀ ನಾವು ತೂಕ ನೋಡಿ ಬರೆದಿಡೋದು, ಇವರು ಒಂದೇ ಮಧ್ಯಾಹ್ನ ಬಂದು ಎರಡೆರಡು ಪೇಡಾ ತಿನ್ನಿಸಿ "ತಿನ್ರೀ ತಿನ್ರೀ, ನಾಚಬ್ಯಾಡ್ರಿ" ಅನ್ನೋದು. ಹೋಗುವಾಗ ಡಬ್ಬಿ, ಸಿಪ್ಪೆ ಎಲ್ಲ ಅಲ್ಲೇ. ಬಳಿಯೋರು ಯಾರು? ನಮ್ಮ ಆಯಾ. ಅವಳು ಯಾವ ಫೋಟೊದಲ್ಲೂ ಇರಲ್ಲ.

ಹಾಗಂತ ಬಾಳೆಹಣ್ಣಿನ ಮೇಲೆ ನನಗೆ ದ್ವೇಷ ಇಲ್ಲ ಮತ್ತೆ. ಒಂದು ಕಾಲಕ್ಕೆ ನಾನೇ ಬೆಳಿಗ್ಗೆ ಗೇಟಿನ ಮುಂದೆ ಕೊಂಡು ಒಳಗೆ ಒಯ್ಯುತ್ತಿದ್ದೆ. ಬೆಟಗೇರಿ ಕಡೆಯ ಒಬ್ಬ ನೇಕಾರ ಅಡ್ಮಿಟ್ ಆಗಿದ್ದ. ಊಟಕ್ಕೆ ವಿಷ ಹಾಕಿದ್ದಾರೆ ಅಂತ ಅವನ ನಂಬಿಕೆ. ರೊಟ್ಟಿ ಮುಟ್ಟಲ್ಲ, ಅನ್ನ ಮುಟ್ಟಲ್ಲ, ನೀರು ಕುಡಿದರೂ ನಲ್ಲಿಗೇ ಬಾಯಿ. ಎದುರಿಗೇ ನಾನು ತಿಂದು ತೋರಿಸಿದರೆ "ನಿಮಗ ಮೊದಲ ಔಷಧ ಕೊಟ್ಟಿರ್ತಾರ" ಅನ್ನುತ್ತಿದ್ದ. ವಾದದಲ್ಲಿ ಅವನನ್ನು ಗೆಲ್ಲೋಕೆ ಆಗಲ್ಲ, ಗೆಲ್ಲಲೂಬಾರದು. ಹೌದು ವಿಷ ಇದೆ ಅನ್ನೋ ಹಾಗೂ ಇಲ್ಲ. "ನನಗೇನೂ ಹಂಗ ಕಾಣಸಂಗಿಲ್ಲಪಾ. ಆದ್ರ ನಿನಗ ಹೆದರಿಕಿ ಆಗೋದು ಖರೇ" ಅಂತ ಅಷ್ಟಕ್ಕೇ ನಿಲ್ಲಿಸಬೇಕು. ಕೊನೆಗೆ ಅವನು ತಿನ್ನಲು ಒಪ್ಪಿದ್ದು ಎರಡೇ. ಸುಲಿಯದ ಬಾಳೆಹಣ್ಣು, ಸಿಪ್ಪೆ ಬಿಡಿಸದ ಬೇಯಿಸಿದ ಮೊಟ್ಟೆ. ಎರಡರೊಳಗೂ ಯಾರೂ ಏನೂ ಬೆರೆಸೋಕೆ ಆಗಲ್ಲವಲ್ಲ. ಆ ಜಾಣತನಕ್ಕೆ ನನಗೆ ಒಳಗೊಳಗೇ ಖುಷಿ ಆಗಿತ್ತು.

ಅವನ ಮುಂದೆ ಗೊನೆ ಹಿಡಿದು ನಿಲ್ಲಬೇಕು. ನಾವು ಕಿತ್ತು ಕೊಡುವಂತಿಲ್ಲ. ಅವನೇ ತಿರುಗಿಸಿ ತಿರುಗಿಸಿ ನೋಡಿ, ಚುಕ್ಕೆ ಇದ್ದದ್ದನ್ನು ಬಿಟ್ಟು, ಒಂದನ್ನು ಆರಿಸಬೇಕು. ತೊಟ್ಟಿನಿಂದಲ್ಲ, ತುದಿಯಿಂದ ಸುಲಿಯುತ್ತಿದ್ದ. ಪ್ರತಿ ಸಲ ಅಷ್ಟೇ ಹೊತ್ತು. ಇಂಜೆಕ್ಷನ್ ನಿಧಾನಕ್ಕೆ ಕೆಲಸ ಮಾಡುತ್ತಾ ಬಂತು. ಒಂದು ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ನಮ್ಮ ರೂಮಿಗೇ ಬಂದು "ಸಿಸ್ಟರ್, ಸಾರಿಗೆ ಉಪ್ಪs ಇಲ್ಲ" ಅಂತ ಜಗಳ ತೆಗೆದ. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ವಿಷದ ಮಾತಿಲ್ಲ, ಬರೀ ಉಪ್ಪಿನ ಮಾತು! ಬೈಸಿಕೊಂಡ ಅಡುಗೆಯವನಿಗೆ ನಾವು ಚಹಾ ಕುಡಿಸಿದೆವು.

ಇದರ ಫೋಟೊ ಹೇಗೆ ತೆಗೀತೀರಿ?

ಅಲ್ಲಿಯ ಕೆಲಸ ಎಲ್ಲ ಹೀಗೇ. ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡೋದು. ಉಗುರು ಕತ್ತರಿಸೋದು. ಕ್ಲೋಜಪಿನ್ ತಗೊಳ್ಳೋರನ್ನ ದಿನಾ ಬೆಳಿಗ್ಗೆ "ಹೊರಗಡೆ ಹೋಗಿ ಬಂದ್ರೇನು?" ಅಂತ ಕೇಳೋದು. ನಗಬೇಡಿ, ಆ ಔಷಧಿಯ ಮಲಬದ್ಧತೆ ಅಲಕ್ಷ್ಯ ಮಾಡಿದರೆ ಪ್ರಾಣ ಹೋಗಬಹುದು. ರಾತ್ರಿ ಯಾರಿಗೋ ಧ್ವನಿ ಕೇಳಿಸೋಕೆ ಶುರುವಾದರೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರೋದು. ಹೊಡೆತ ತಿಂದದ್ದೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಹೊಡೆಯುವವರಿಗಿಂತ ಮೂಲೆ ಹಿಡಿದು ಮಾತು ಬಿಟ್ಟವರೇ ಜಾಸ್ತಿ.

ನಮ್ಮ ಸೊಸೆ ಈ ಬರಹ ಓದಿ "ಅತ್ತೀ, ಯಾರೂ ಬರದs ಇರೂದಕ್ಕಿಂತ ಇವರರೆ ಬರ್ತಾರಲ್ರಿ" ಅಂದಳು. ನೀವೂ ಕಮೆಂಟಿನಲ್ಲಿ ಅದನ್ನೇ ಹಾಕುತ್ತೀರಿ, ನನಗೆ ಗೊತ್ತು. ಸರಿ, ಬರ್ತಾರೆ. ಅಕ್ಟೋಬರ್ 10ಕ್ಕೆ ಒಮ್ಮೆ, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ. ನಾಯಕರ ಹುಟ್ಟುಹಬ್ಬಕ್ಕೆ ಒಮ್ಮೆ. ಮಿಕ್ಕ ದಿನ? ಒಬ್ಬರಿಗಾದರೂ ಒಬ್ಬ ರೋಗಿಯ ಹೆಸರು ಗೊತ್ತಾ? ಬರೋರು ಅಂದರೆ ಯಾರು ಗೊತ್ತಾ, ನಮ್ಮಲ್ಲಿಗೆ ಒಬ್ಬ ಕ್ಷೌರದ ಅಂಗಡಿಯವನು ಬರುತ್ತಿದ್ದ. ಅಂಗಡಿಗೆ ರಜೆ ಇದ್ದ ದಿನ. ಗಡ್ಡ ಕೆರೆಯುತ್ತಾ ಮಳೆ, ಬೆಳೆ, ಕ್ರಿಕೆಟ್ಟು ಅಂತ ಬಾಯಿ ತುಂಬ ಮಾತಾಡೋನು. ಯಾರೊಂದಿಗೂ ಮಾತಾಡದ ಒಬ್ಬ, ಇವನ ಎದುರು "ಮೀಸಿ ಬಿಡು" ಅಂದಿದ್ದ. ಆ ಕ್ಷೌರದವನು ಯಾವತ್ತೂ ಫೋನ್ ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ.

ಹೆಂಗಸರ ವಾರ್ಡಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಪಂಚಮಿ ಹತ್ತಿರ ಬಂದರೆ ನಮ್ಮ ಕಡೆ ಅಣ್ಣ ತಮ್ಮಂದಿರು ಅಕ್ಕ ತಂಗಿಯರನ್ನು ತವರಿಗೆ ಕರೆಯಲು ಬರುತ್ತಾರಲ್ಲ. ವಾರ್ಡಿನಲ್ಲೂ ಅದು ಮರೆಯಲ್ಲ. ಯಾವ ಧ್ವನಿ ಕೇಳಿಸಲಿ, ಯಾವ ಸಂಶಯ ಇರಲಿ, ಪಂಚಮಿ ಯಾವಾಗ ಅಂತ ಮಾತ್ರ ಸರಿಯಾಗಿ ಹೇಳುತ್ತಾರೆ. ಸೀರೆ ಗಂಟು ಕಟ್ಟಿ ಕೂತಿರುತ್ತಾರೆ. ಡಾಕ್ಟರು ಮನೆಗೆ ಕಳಿಸಬಹುದು ಅಂತ ಬರೆದು ಎಷ್ಟೋ ದಿನ ಆಗಿರುತ್ತೆ. ಪತ್ರ ಹಾಕಿದರೆ ವಾಪಸ್. ಫೋನ್ ಮಾಡಿದರೆ ಸ್ವಿಚ್ ಆಫ್. ಮನೆಯವರು ಸೇರಿಸಿಕೊಳ್ಳಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಅಂತ ಅದೇ 2017ರ ಕಾಯ್ದೆ ಹೇಳುತ್ತೆ. ಹಾಗಾದರೆ ಹೋಗೋದೆಲ್ಲಿಗೆ? ಅವರಿಗೆ ಇರಲು ಒಂದು ಜಾಗ, ನೋಡಿಕೊಳ್ಳೋರು, ಕೈಗೊಂದು ಕೆಲಸ. ನಾಯಕರು ಅದಕ್ಕೆ ಯಾಕೆ ಅಡಿಗಲ್ಲು ಹಾಕಬಾರದು? ಹಾಕಿದರೆ ಫ್ಲೆಕ್ಸ್ ನಾನೇ ಹಿಡಿಯುತ್ತೇನೆ.

ಮುನ್ನೂರು ಚಿಲ್ಲರೆ ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಗದಗ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 10 ಲಕ್ಷ ದಾಟಿತ್ತು. ಆ ಲೆಕ್ಕ ಹಿಡಿದರೆ ಅದೊಂದೇ ಜಿಲ್ಲೆಯಲ್ಲಿ ಮೂರು ಸಾವಿರಕ್ಕಿಂತ ಮೇಲೆ. ಬಹುತೇಕರು ವಾರ್ಡಿನಲ್ಲಿಲ್ಲ, ಮನೆಯಲ್ಲಿದ್ದಾರೆ. ಅವ್ವಂದಿರು ನೋಡಿಕೊಳ್ಳುತ್ತಿದ್ದಾರೆ. ಕ್ಲೋಜಪಿನ್ ಹೊಸದಾಗಿ ಶುರು ಮಾಡಿದರೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಹಳ್ಳಿಯಿಂದ ದೊಡ್ಡ ಊರಿಗೆ ಓಡಾಟ. ಶಕ್ತಿ ಯೋಜನೆ ಬಂದ ಮೇಲೆ ಅವ್ವನಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಮಗನಿಗೆ ಇದೆ. ಒಂದು ದಿನದ ಕೂಲಿಯೂ ಹೋಯಿತು. ಎರಡು ಬುಟ್ಟಿ ಬಾಳೆಹಣ್ಣಿನ ದುಡ್ಡಲ್ಲಿ ಎಷ್ಟು ಜನರ ಬಸ್ ಚಾರ್ಜ್ ಆಗುತ್ತಿತ್ತು ನೀವೇ ಲೆಕ್ಕ ಹಾಕಿ.

ಮನೋಚೈತನ್ಯ ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು. ನಾಯಕರು ಒಂದು ಮಂಗಳವಾರ ಫ್ಲೆಕ್ಸ್ ಮನೆಯಲ್ಲಿ ಬಿಟ್ಟು ಅಲ್ಲಿಗೆ ಹೋಗಿ, ಈ ತಿಂಗಳ ಮಾತ್ರೆ ಇದೆಯಾ ಅಂತ ಫಾರ್ಮಸಿ ಕಿಟಕಿಯಲ್ಲಿ ಕೇಳಲಿ. ಮಾತ್ರೆ ಇಲ್ಲ, ಮುಂದಿನ ವಾರ ಬನ್ನಿ ಅಂದರೆ ಆ ಅವ್ವ ಏನು ಮಾಡಬೇಕು? ಮಾತ್ರೆ ತಪ್ಪಿತು ಅಂದರೆ ಕಾಯಿಲೆ ತಿರುಗಿ ಬರೋಕೆ ದಾರಿ ಆಯಿತು. ಅದನ್ನು ವಿಚಾರಿಸೋದು ಅವರ ಕೆಲಸ. ಹಣ್ಣು ನಾವು ತರುತ್ತೇವೆ ಬಿಡಿ.

ಮನೆಯಲ್ಲಿ ಇಂಥ ತೊಂದರೆ ಇದ್ದು ಯಾರ ಹತ್ತಿರ ಹೇಳೋದು ಅಂತ ಗೊತ್ತಾಗದವರು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ಫೋಟೊ ಈಗಾಗಲೇ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೂ ಬಂದಿದೆ. ಕಾಕಾ ನಕ್ಕಿಲ್ಲ. ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ, ಹಾಕಿದವರಿಗೆ ತೆಗೆಯೋಕೆ ಹೇಳಿ. ಮತ್ತೆ, ಕ್ಷೌರ ಬಲ್ಲವರು, ಹೊಲಿಗೆ ಕಲಿಸೋರು, ಇಲ್ಲಾ ಬರೇ ಕೂತು ಹರಟೆ ಹೊಡೆಯೋಕೆ ಬರೋರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಆಸ್ಪತ್ರೆಯವರ ಅನುಮತಿ ನಾನು ಕೇಳುತ್ತೇನೆ. ಫೋನು ಗೇಟಿನಲ್ಲಿ ಇಟ್ಟು ಒಳಗೆ ಬರಬೇಕಾಗುತ್ತೆ. ಅದು ಆಗಲ್ಲ ಅನ್ನೋರು ಈಗಲೇ ಹೇಳಿಬಿಡಿ.