ಕಾರಿನಲ್ಲಿ ಹೋಗಿ ನೋಡಬೇಕಾದ ರೈಲು ನಿಲ್ದಾಣ

ವಾರಾಂತ್ಯದಲ್ಲಿ ನಂದಿಬೆಟ್ಟದ ದಾರಿಯುದ್ದಕ್ಕೂ ಕಾರುಗಳು ಸಾಲುಗಟ್ಟಿ ನಿಂತ ಸುದ್ದಿ ಮತ್ತೆ ಬಂದಿದೆ. ಸೂರ್ಯೋದಯಕ್ಕೆಂದು ಹೊರಟು ಮುಂದಿನ ಕಾರಿನ ಕೆಂಪು ದೀಪದಲ್ಲೇ ಅರುಣದರ್ಶನ ಪಡೆದ ಪುಣ್ಯವಂತರು ಬೆಟ್ಟದ ಬುಡದ ನಂದಿ ರೈಲು ನಿಲ್ದಾಣವನ್ನಾದರೂ ನೋಡಿ ಬರಬೇಕೆಂದು ನನ್ನ ಸಲಹೆ. ಮೈಸೂರು ಸಂಸ್ಥಾನದ ಕಾಲದಲ್ಲಿ, ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಗೆಂದು ಕಟ್ಟಿದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳನ್ನು, ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ರೈಲ್ವೆಯೊಂದಿಗೆ ಸೇರಿ ಅಚ್ಚುಕಟ್ಟಾಗಿ ಜೀರ್ಣೋದ್ಧಾರ ಮಾಡಿದೆ. ಆ ಕೆಲಸದಲ್ಲಿ ನಾನು ಹುಳುಕು ಹುಡುಕಲಾರೆ. ಅಲ್ಲಿ ಕಾಣಲು ದುರ್ಲಭವಾದ ವಸ್ತು ಒಂದೇ, ಅದು ರೈಲು. ಅಪರೂಪದ್ದನ್ನು ಪದೇ ಪದೇ ಹೊರಗೆ ತೆಗೆಯಬಾರದೆಂಬ ಮ್ಯೂಸಿಯಮ್ಮಿನ ನಿಯಮವನ್ನು ರೈಲ್ವೆ ಇಲಾಖೆ ಭಕ್ತಿಯಿಂದ ಪಾಲಿಸುತ್ತಿದೆ.

ಹಳೆಯ ರೈಲ್ವೆ ಸಾಮಾನುಗಳಲ್ಲಿ ನನಗೆ ಬಲು ಪ್ರಿಯವಾದದ್ದು ಟೋಕನ್ ಚೆಂಡು. ಒಂಟಿ ಹಳಿಯ ಎರಡು ತುದಿಯ ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿರುತ್ತಿತ್ತು. ಒಂದರಿಂದ ಚೆಂಡು ಹೊರಬಂದರೆ ಅದು ಮತ್ತೆ ಒಳಸೇರುವವರೆಗೆ ಎರಡಕ್ಕೂ ಬೀಗ, ಎದುರಿನಿಂದ ಇನ್ನೊಂದು ಗಾಡಿ ಬರುವಂತಿಲ್ಲ. ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿದ ಆ ಚೆಂಡು ಕೈಗೆ ಸಿಗದೆ ಚಾಲಕ ಗಾಡಿ ಕದಲಿಸುವಂತಿರಲಿಲ್ಲ. ಈ ಪದ್ಧತಿಯನ್ನು ನಂದಿಬೆಟ್ಟದ ತಿರುವುಗಳಿಗೆ ತಂದರೆ ಒಂದೇ ಭಾನುವಾರದಲ್ಲಿ ಜಂಜಾಟ ಮುಗಿದೀತು. ಆದರೆ ಮರುವಾರವೇ ಶಾಸಕರ ಕಡೆಯವರಿಗೆಂದು ಬೇರೊಂದು ಚೆಂಡು ಮಂಜೂರಾಗುವುದು ಖಚಿತ.

2022ರ ಜೂನ್‌ನಲ್ಲಿ ಬೆಂಗಳೂರು ಉಪನಗರ ರೈಲಿಗೆ ಶಂಕುಸ್ಥಾಪನೆ ಮಾಡಿದ ಪ್ರಧಾನಿ, 40 ತಿಂಗಳಲ್ಲಿ ಕನಸು ನನಸಾಗುತ್ತದೆಂದರು. ದೇವನಹಳ್ಳಿಗೆ ಬರಬೇಕಾದ ಮಾರ್ಗಕ್ಕೆ ಸಂಪಿಗೆ ಎಂದು ಹೆಸರಿಟ್ಟು, ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದದ್ದೂ ಆಯಿತು. ತಿಂಗಳುಗಳನ್ನು ಎಣಿಸುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ.

ತಮಾಷೆ ಸಾಕು. ನೂರು ವರ್ಷದ ಹಿಂದಿನವರು ಗೇಣಗಲದ ಹಳಿ ಹಾಕಿ ಊರೂರಿಗೆ ನಿಲ್ದಾಣ ಕಟ್ಟಿದರು. ಈಗ ಬ್ರಾಡ್‌ಗೇಜ್ ಇದೆ, ಮೇಲೆ ವಿದ್ಯುತ್ ತಂತಿಯೂ ಇದೆ. ಆದರೂ ಚಿಕ್ಕಬಳ್ಳಾಪುರದಿಂದ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಬರುವವರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಇನ್ನೊಂದಿಷ್ಟು ಹೊತ್ತು ನಿಂತು, ಮೇಲಧಿಕಾರಿಯ ಮುಂದೆ ಮತ್ತೆ ನಿಲ್ಲಬೇಕು. ಗಂಟೆಗೊಂದು ಗಾಡಿ ಬಿಡಿ ಸ್ವಾಮಿ. ನಿಲ್ದಾಣದ ಹೆಂಚಿನ ಅಂದವನ್ನು ಆಮೇಲೆ ಕಿಟಕಿಯಿಂದಲೇ ನೋಡುತ್ತೇವೆ.