ಅವರನ್ನೂ ತೂಕದ ಮಿಷನ್ ಹತ್ತಿಸಿ

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ಮದುವೆಯಾಗಿ ಎರಡು ವರ್ಷವಾದ ಹುಡುಗಿ. "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಅಂತ ಒಬ್ಬ ದೊಡ್ಡಮ್ಮ ಕೇಳಿದರು. ಅವಳು ತಲೆ ತಗ್ಗಿಸಿದಳು. "ಮೊದಲು ಮೈ ಕರಗಿಸು. ಆಮೇಲೆ ತಾನಾಗೇ ನಿಲ್ಲುತ್ತೆ" ಅಂದವರೇ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು! ಪಕ್ಕದಲ್ಲೇ ಅವಳ ಗಂಡ. ಶರ್ಟಿನ ಗುಂಡಿ ಕಿತ್ತು ಬರುವ ಹಾಗಿತ್ತು ಹೊಟ್ಟೆ. ಅವನಿಗೆ ಯಾರೂ ಏನೂ ಹೇಳಲಿಲ್ಲ.

ಎಂಟು ವರ್ಷದ ಹಿಂದೆ ಅವಳ ಜಾಗದಲ್ಲಿ ನಾನಿದ್ದೆ. ಐದಡಿ ಎರಡಿಂಚು ಎತ್ತರ, 74 ಕೆಜಿ. ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ.

ದೊಡ್ಡಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಸಿಟ್ಟು ಬರೋದು. ಕೊಬ್ಬು ಮೈಯಲ್ಲಿ ಸುಮ್ನೆ ಕೂರಲ್ಲ. ತಾನೇ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ತಯಾರಿಸುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಏರುತ್ತದೆ, ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಜಾಸ್ತಿಯಾಗುತ್ತದೆ. ಆಗ ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವುದು ತಪ್ಪುತ್ತದೆ. ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ, ಇದ್ದರಂತೂ ಇನ್ನೂ ಕಷ್ಟ. ಹಾಗಂತ ಸಣ್ಣಗಿರುವವರಿಗೂ ಪಿಸಿಓಡಿ ಬರುತ್ತದೆ, ದಪ್ಪಗಿರುವ ಎಷ್ಟೋ ಜನ ಬೇಗ ಬಸುರಿಯಾಗುತ್ತಾರೆ. ಇದನ್ನು ಯಾವ ದೊಡ್ಡಮ್ಮನೂ ಹೇಳಲ್ಲ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಎಷ್ಟೋ ಜನರ ಮುಟ್ಟು ಸರಿಹೋಗುತ್ತದೆ ಅನ್ನೋದನ್ನೂ ಹೇಳಲ್ಲ. ನನ್ನ ಲೆಕ್ಕಕ್ಕೆ ಅದು ನಾಲ್ಕರಿಂದ ಏಳು ಕೆಜಿ, ಅಷ್ಟೇ.

ಇನ್ನು ಗಂಡಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ಮೀರಿದ ಹೆಂಗಸರು ಶೇ. 24, ಗಂಡಸರು ಸುಮಾರು ಶೇ. 23. ಏನು ವ್ಯತ್ಯಾಸ ಆಯ್ತು ಹೇಳಿ? ಅವರ ಕೊಬ್ಬೂ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಮಾಡುತ್ತದೆ, ವೀರ್ಯಾಣುಗಳ ಸಂಖ್ಯೆ ಕುಗ್ಗಬಹುದು. ಆದರೆ ಗಂಡಸಿನ ಹೊಟ್ಟೆ ನಮ್ಮ ಕಣ್ಣಿಗೆ 'ಚೆನ್ನಾಗಿ ಉಂಡವನ' ಲಕ್ಷಣ.

ನಮ್ಮ ಡಾಕ್ಟರ್ ಇಬ್ಬರ ತೂಕವನ್ನೂ ನೋಡಬೇಕು ಅಂದಾಗ ನಮ್ಮವರು "ನಂಗ್ಯಾಕೆ?" ಅಂದರು. ಆಮೇಲೆ ಚಪ್ಪಲಿ ಬಿಟ್ಟರು. ಫೋನ್ ತೆಗೆದು ನನ್ನ ಕೈಗೆ ಕೊಟ್ಟರು, ಪರ್ಸ್ ಕೊಟ್ಟರು, ಬೈಕಿನ ಕೀ ಕೊಟ್ಟರು. ಬೆಲ್ಟನ್ನೂ ಬಿಚ್ಚೋಕೆ ಹೊರಟಾಗ ನರ್ಸ್ ನಕ್ಕುಬಿಟ್ಟಳು. 96. ಅವತ್ತಿನಿಂದ ಬೆಳಗಿನ ವಾಕಿಂಗಿಗೆ ಇಬ್ಬರೂ ಹೊರಟೆವು.

ನಾನು 68ಕ್ಕೆ ಬಂದಾಗ ಬಸುರು ನಿಂತಿತು. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ತೂಕ ಜಾಸ್ತಿ ಇದ್ದರೆ ಬಸುರಿನಲ್ಲಿ ಬಿಪಿ, ಶುಗರ್, ಸಿಸೇರಿಯನ್ ಎಲ್ಲದರ ಸಾಧ್ಯತೆಯೂ ಜಾಸ್ತಿ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಹೊಟ್ಟೆಯ ಕೊಬ್ಬಿನಿಂದ ಮಗುವಿನ ಹೃದಯ ಸರಿಯಾಗಿ ಕಾಣಿಸಲಿಲ್ಲ. "ಸ್ವಲ್ಪ ಓಡಾಡ್ಕೊಂಡು ಬನ್ನಿ" ಅಂದರು. ಕಾರಿಡಾರಿನಲ್ಲಿ ಇಪ್ಪತ್ತು ಸುತ್ತು ಹಾಕುತ್ತಾ ಪಟ್ಟ ಭಯ ಶತ್ರುವಿಗೂ ಬೇಡ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 152. 140 ದಾಟಬಾರದು. ಅತ್ತೆ ಮಾತ್ರ "ಎರಡು ಜೀವ, ಇಬ್ಬರ ಊಟ ಉಣ್ಣು" ಅಂತ ಬಡಿಸುತ್ತಲೇ ಇದ್ದರು, ಪಾಪ, ಪ್ರೀತಿಗೇ. ಡಾಕ್ಟರ್ ಒಂಬತ್ತು ತಿಂಗಳಲ್ಲಿ ಒಂಬತ್ತು ಕೆಜಿ ಮೀರಬೇಡಿ ಅಂದಿದ್ದರು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಬಸುರಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದ ಅಧ್ಯಯನವಿದೆ. ಬಸುರಿನಲ್ಲಿ ಶುಗರ್ ಬಂದ ತಾಯಂದಿರ ಮಕ್ಕಳ ಮೈಯಲ್ಲಿ ಮುಂದೆ ಕೊಬ್ಬು ಜಾಸ್ತಿ ಕಂಡಿತ್ತು. ಅದನ್ನು ಓದಿದ ಮೇಲೆ ಪಥ್ಯ ತಪ್ಪಿಸಲಿಲ್ಲ.

ಗೃಹಪ್ರವೇಶದ ದಿನ ಕೈ ತೊಳೆಯುವ ನಲ್ಲಿ ಹತ್ತಿರ ಆ ಹುಡುಗಿಗೆ ಇಷ್ಟನ್ನೂ ಪಿಸುಗುಟ್ಟಿದೆ. "ಅಕ್ಕಾ, ಅವರನ್ನ ಡಾಕ್ಟರ ಹತ್ರ ಹೇಗೆ ಕರ್ಕೊಂಡು ಹೋಗೋದು?" ಅಂದಳು. ಸುತ್ತ ನೋಡಿದೆ. ನಮ್ಮವರು ಪಾಯಸ ಕುಡಿಯುತ್ತಾ ಅವಳ ಗಂಡನ ಪಕ್ಕ ಕೂತಿದ್ದರು. "ಇರು, ಕರೀತೀನಿ" ಅಂದೆ.