ಡಿಫ್ ಲಾಕ್ ರಾತ್ರಿ ತಪ್ಪದೇ ಹಾಕ್ತೀನಿ

ಮನೆಮನೆಗೆ ಹೋಗಿ ಪ್ರಶ್ನೆ ಕೇಳೋ ಕೆಲಸದಲ್ಲಿ ಸೋಪು, ಟೂತ್‌ಪೇಸ್ಟ್ ಎಲ್ಲಾ ಸಲೀಸು, ಅದರಲ್ಲಿ ಸುಳ್ಳು ಹೇಳಿ ಯಾರಿಗೂ ಏನೂ ಸಿಗಲ್ಲ. ಆಫ್‌ರೋಡ್ ಗಾಡಿ ಇಟ್ಕೊಂಡಿರೋರ ಸರ್ವೆ ಮಾತ್ರ ಬೇರೆನೇ ಲೋಕ. "ಸರ್, ಹತ್ತೇ ನಿಮಿಷ" ಅಂತ ಶುರು ಮಾಡ್ತೀನಿ, ಅದು ನಮ್ಮ ಕಡೆಯ ಸುಳ್ಳು, ಆಮೇಲಿಂದು ಪೂರ್ತಿ ಅವರದ್ದೇ.

ರಸ್ತೆ ಬಿಟ್ಟು ಗಾಡಿ ಎಷ್ಟು ಸಲ ಓಡಿಸ್ತೀರಿ ಅಂತ ಮೊದಲ ಪ್ರಶ್ನೆ. "ವಾರವಾರ ಹೋಗ್ತಾನೇ ಇರ್ತೀನಿ" ಅಂತ ಒಬ್ಬ ಸರ್ ಎದೆ ಉಬ್ಬಿಸೋ ಅಷ್ಟರಲ್ಲಿ ಒಳಗಿಂದ ಮೇಡಂ, "ಯಾವ ವಾರ ರೀ? ಮೊನ್ನೆ ಪಾರ್ಕಿಂಗ್ ಸಿಗದೆ ಫುಟ್‌ಪಾತ್ ಹತ್ತಿಸಿದ್ರಲ್ಲ, ಅದನ್ನೂ ಸೇರಿಸಿದ್ರಾ?" ಎದುರಿಗಿರೋರ ಮುಂದೆ ಚೆನ್ನಾಗಿ ಕಾಣ್ಬೇಕು ಅಂತ ಕೊಡೋ ಇಂಥ ಉತ್ತರಕ್ಕೆ ನಮ್ಮ ಫೀಲ್ಡಲ್ಲಿ ಸೋಷಿಯಲ್ ಡಿಸೈರಬಿಲಿಟಿ ಬಯಾಸ್ ಅಂತ ಗಂಭೀರವಾದ ಹೆಸರಿದೆ, ಅದಕ್ಕೆ ಮದ್ದು ಅಂದ್ರೆ "ಎಷ್ಟು ಸಲ" ಅನ್ನೋದು ಬಿಟ್ಟು "ಕೊನೇ ಸಲ ಯಾವಾಗ, ಎಲ್ಲಿ" ಅಂತ ಕೇಳೋದು. ಲೋ ರೇಂಜ್, ಅಂದ್ರೆ ಕಡಿದಾದ ಜಾಗಕ್ಕೆ ಅಂತಿರೋ ನಿಧಾನದ ಗೇರು, ಕೊನೇ ಸಲ ಹಾಕಿದ್ದು ಯಾವಾಗ ಸರ್ ಅಂದೆ. ಉತ್ತರದ ಬದಲು ಗಾಡಿನೇ ತೋರ್ಸೋಕೆ ಕರ್ಕೊಂಡೋದ್ರು. ಸ್ನಾರ್ಕೆಲ್, ವಿಂಚು, ಮಡ್ ಟೈರು, ಏನು ಗತ್ತು! ಒಳಗೆ ನೋಡಿದ್ರೆ ಆ ಗೇರಿನ ಲಿವರ್ ಮೇಲೆ ಶೋರೂಮಿನ ಪ್ಲಾಸ್ಟಿಕ್ ಕವರ್ ಹಾಗೇ ಇದೆ. ಡಿಫ್ ಲಾಕ್, ಅಂದ್ರೆ ಕೆಸರಲ್ಲಿ ಒಂದೇ ಚಕ್ರ ಸುಮ್ನೆ ಸುತ್ತದೆ ಎರಡೂ ಒಟ್ಟಿಗೆ ತಿರುಗೋ ಹಾಗೆ ಮಾಡೋದು, ಬಳಸ್ತೀರಾ ಅಂದ್ರೆ "ರಾತ್ರಿ ಪಾರ್ಕ್ ಮಾಡ್ವಾಗ ತಪ್ಪದೇ ಹಾಕ್ತೀನಿ, ಕಳ್ರ ಕಾಟ ನೋಡಿ" ಅಂದ್ರು. ನಾನು "ನಿಯಮಿತವಾಗಿ" ಅನ್ನೋ ಬಾಕ್ಸಿಗೆ ಟಿಕ್ ಹಾಕ್ದೆ, ಇನ್ನೇನ್ ಮಾಡ್ಲಿ.

ಇನ್ನೊಬ್ರು ಇದಕ್ಕೆ ತದ್ವಿರುದ್ಧ, ದುಡ್ಡು ಕೊಟ್ಟಿದೀನಿ ಅಂತ ಒಣ ಡಾಂಬರು ರಸ್ತೇಲೂ ಫೋರ್ ವೀಲ್ ಡ್ರೈವ್ ತೆಗೆಯೋರೇ ಅಲ್ಲ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗ್ತಾನೇ ಇರ್ಬೇಕು. ಅವರದು ಬೇಕಾದಾಗ ಮಾತ್ರ ಹಾಕ್ಬೇಕಾದ ಪಾರ್ಟ್‌ಟೈಮ್ ಸಿಸ್ಟಮ್ಮು, ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಉರುಳ್ಬೇಕು, ಆ ವ್ಯತ್ಯಾಸ ಸರಿದೂಗಿಸೋ ಡಿಫರೆನ್ಷಿಯಲ್ ಮಧ್ಯೆ ಇಲ್ಲ, ಮಣ್ಣಲ್ಲಾದ್ರೆ ಟೈರ್ ಜಾರಿ ಸರಿಹೋಗತ್ತೆ, ಡಾಂಬರಲ್ಲಿ ಜಾರೋಕಾಗ್ದೆ ಗಾಡಿ ಹಿಡ್ಕೊಂಡು ಟಕ್ ಟಕ್ ಅನ್ನತ್ತೆ. ನಮ್ಮ ಫಾರಂನಲ್ಲಿ ಅದು "ಸ್ಟಿಯರಿಂಗ್ ದೋಷ" ಅಂತ ದಾಖಲಾಯ್ತು.

ಮಾರ್ಕ್ಸ್ ವಿಷಯ ಕೇಳ್ಲೇಬೇಡಿ. ಬೇರೆಯವ್ರಿಗೆ ಈ ಗಾಡಿ ತಗೊಳ್ಳಿ ಅಂತೀರಾ, 0 ಇಂದ 10ರೊಳಗೆ ಹೇಳಿ ಅಂದ್ರೆ, ಮೈಲೇಜ್ ಇಲ್ಲ, ಟೈರ್ ಸದ್ದಿಗೆ ಹಾಡು ಕೇಳ್ಸಲ್ಲ, ಹಿಂದೆ ಕೂತ್ರೆ ಬೆನ್ನು ಮುರಿಯತ್ತೆ ಅಂತ ಗಂಟೆಗಟ್ಲೆ ಬೈದೋರು ಕೊನೆಗೆ 10 ಕೊಡ್ತಾರೆ. ಗಾಡಿಗೆ ಜೀವ ಬಿಡೋ ಒಬ್ಬ ಮೇಷ್ಟ್ರು ಮಾತ್ರ "ಫುಲ್ ಮಾರ್ಕ್ಸ್ ಯಾರಿಗೂ ಕೊಡ್ಬಾರ್ದು" ಅಂತ 8 ಕೊಟ್ರು. ಲೆಕ್ಕದಲ್ಲಿ 9, 10 ಕೊಟ್ಟೋರು ಮಾತ್ರ ಅಭಿಮಾನಿಗಳು, 7, 8 ಕೊಟ್ಟೋರು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹೀಗಾಗಿ ಬೈದೋರು ಭಕ್ತರಾದ್ರು, ಮೇಷ್ಟ್ರು ಲೆಕ್ಕಕ್ಕೇ ಇಲ್ಲ.

ಏನು ಸುಧಾರಣೆ ಬೇಕು ಅಂದಾಗ ಫುಟ್‌ಪಾತ್ ಸರ್ ಗ್ರೌಂಡ್ ಕ್ಲಿಯರೆನ್ಸ್ ಇನ್ನೂ ಜಾಸ್ತಿ ಆಗ್ಬೇಕು ಅಂದ್ರು. ಮೇಡಂ ಮಾತ್ರ, "ಹತ್ತೋಕೆ ಒಂದು ಮೆಟ್ಲು ಕೊಡ್ಸಿ. ಇದ್ದದ್ದನ್ನ ಬಂಡೆಗೆ ತಗಲತ್ತೆ ಅಂತ ಬಿಚ್ಚಿಸಿದಾರೆ, ನಮ್ಮತ್ತೆ ಎಲ್ಲಿಗೆ ಬಂದ್ರೂ ಜೊತೆಗೆ ಸ್ಟೂಲ್ ಬರತ್ತೆ." ಯಾವ ಬಂಡೆ ಅಂತ ನಾನು ಕೇಳ್ಲಿಲ್ಲ.

ಕೊನೆಗೆ, ಗಾಡಿ ಯಾರ ಹೆಸರಲ್ಲಿದೆ (ಇದನ್ನ ಕೊನೆಗಿಟ್ಟ ಪುಣ್ಯಾತ್ಮ ಯಾರೋ). "ನನ್ನ ಹೆಸರಲ್ಲಿ" ಅಂದ್ರು ಮೇಡಂ. ಮಾಲೀಕರೇ ಉತ್ತರ ಕೊಡ್ಬೇಕು ಅನ್ನೋದು ನಿಯಮ. ಸರ್ ಟೈರಿನ ಗಾಳಿ ನೋಡ್ತೀನಿ ಅಂತ ಎದ್ದೋದ್ರು, ಮೇಡಂ ಕುರ್ಚಿ ಎಳ್ಕೊಂಡು ಕೂತು "ಹೂಂ, ಈಗ ಕೇಳಿ" ಅಂದ್ರು.